ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ

ಆಸ್ಪತ್ರೆಗೆ ಸೇರಿದ ಯಾವ ರೋಗಿಯ ಚಾರ್ಟನ್ನಾದರೂ ತೆಗೆದು ನೋಡಿ. ಜ್ವರ, ನಾಡಿ, ಬಿಪಿ, ಉಸಿರು ಎಂದು ಬೇರೆ ಬೇರೆ ಕಲಮುಗಳಿರುತ್ತವೆ. ಜ್ವರ, ನಾಡಿ, ಬಿಪಿಯ ಅಂಕಿಗಳು ಏರುತ್ತ ಇಳಿಯುತ್ತ ಹೋಗಿರುತ್ತವೆ. ಉಸಿರಿನ ಕಲಮಿನಲ್ಲಿ ಮಾತ್ರ ಮೇಲಿಂದ ಕೆಳಗಿನವರೆಗೆ 18, 20, 18, 20. ಎಷ್ಟೋ ವಾರ್ಡುಗಳಲ್ಲಿ ಇದನ್ನು ಕಂಡಿದ್ದೇನೆ. ಜ್ವರಕ್ಕೆ ಥರ್ಮಾಮೀಟರ್ ಇದೆ, ಬಿಪಿಗೆ ಯಂತ್ರ ಇದೆ, ನಾಡಿಯನ್ನು ಬೆರಳಿಗೆ ಸಿಕ್ಕಿಸುವ ಕ್ಲಿಪ್ಪೇ ಹೇಳುತ್ತದೆ. ಉಸಿರನ್ನು ತಿಳಿಯಬೇಕಾದರೆ ಒಬ್ಬರು ಒಂದು ನಿಮಿಷ ನಿಂತು ಕಣ್ಣಿಟ್ಟು ನೋಡಬೇಕು. ವಾರ್ಡು ತುಂಬಿರುವ ರಾತ್ರಿ ಪಾಳಿಯಲ್ಲಿ ಮೊದಲು ಕೈಬಿಟ್ಟು ಹೋಗುವುದು ಆ ಒಂದು ನಿಮಿಷವೇ. ಕಾಯಿಲೆ ಬಿಗಡಾಯಿಸುವ ಮುನ್ನ ಕೊಡುವ ಮೊದಲ ಸುಳಿವು ಬಹಳ ಸಲ ಆ ನಿಮಿಷದಲ್ಲೇ ಇರುತ್ತದೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು ನಿವೃತ್ತಳಾಗಿ ಈಗ ಕೆಂಕೆರೆಯಲ್ಲಿದ್ದೇನೆ. ಚಿಕ್ಕನಾಯಕನಹಳ್ಳಿ ತಾಲ್ಲೂಕು, ಹುಳಿಯಾರು ಹೋಬಳಿ. ಸುತ್ತ ತೆಂಗಿನ ತೋಟ, ಅಟ್ಟದ ಮೇಲೆ ಕೊಬ್ಬರಿ. ಊರಿನವರಿಗೆ ನಾನಿನ್ನೂ ಸಿಸ್ಟರಮ್ಮನೇ. ಸಂಜೆ ಹೊತ್ತು ಜಗಲಿ ಮೇಲೆ ಕೂತರೆ ಯಾರಾದರೊಬ್ಬರು ಬಂದು ‘ನೋಡಮ್ಮಾ, ಯಾಕೋ ದಮ್ಮು’ ಎನ್ನುತ್ತಾರೆ, ‘ಯಾಕೋ ಸುಸ್ತು’ ಎನ್ನುತ್ತಾರೆ. ನಮ್ಮ ಕಡೆ ಈ ಎರಡು ಮಾತಿನಲ್ಲಿ ಶ್ವಾಸಕೋಶದ ಕಾಯಿಲೆಯೂ ಇರಬಹುದು, ಗ್ರಂಥಿಗಳ ಕಾಯಿಲೆಯೂ ಇರಬಹುದು. ಎರಡನ್ನೂ ಬಿಡಿಸಿ ನೋಡುವ ಕೆಲಸಕ್ಕೆ ದೊಡ್ಡ ಯಂತ್ರ ಬೇಡ. ಮೊದಲು ಉಸಿರು ಎಣಿಸಬೇಕು.

ಎಣಿಸುವುದಕ್ಕೂ ಒಂದು ಕ್ರಮವಿದೆ. ‘ನಿಮ್ಮ ಉಸಿರು ಎಣಿಸ್ತೀನಿ’ ಎಂದು ಹೇಳಿಬಿಟ್ಟರೆ ಆ ಕ್ಷಣವೇ ಅವರ ಉಸಿರು ಬದಲಾಗುತ್ತದೆ. ಅದಕ್ಕೇ ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದು, ಕಣ್ಣನ್ನು ಹೊಟ್ಟೆಯ ಮೇಲಿನ ಸೆರಗಿನ ಮೇಲೋ ಟವೆಲಿನ ಮೇಲೋ ಇಡಬೇಕು. ಬಟ್ಟೆ ಒಮ್ಮೆ ಏರಿ ಇಳಿದರೆ ಒಂದು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬಾರದು, ಪೂರ್ತಿ ಒಂದು ನಿಮಿಷ ಎಣಿಸಬೇಕು. ಸುಮ್ಮನೆ ಕೂತಿರುವ ದೊಡ್ಡವರಿಗೆ 12ರಿಂದ 20 ಸಹಜ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಹೊರತಂದು 2017ರಲ್ಲಿ ತಿದ್ದಿದ ಎಚ್ಚರಿಕೆಯ ಪಟ್ಟಿಯೊಂದಿದೆ. ಅದರಲ್ಲಿ ಉಸಿರು 21 ಮುಟ್ಟಿತೆಂದರೆ ಎರಡು ಅಂಕ, 25 ಆಯಿತೆಂದರೆ ಮೂರು. ಒಂದೇ ಲಕ್ಷಣಕ್ಕೆ ಮೂರು ಅಂಕ ಬಿದ್ದರೆ ವೈದ್ಯರು ಬೇಗ ಬಂದು ನೋಡಲೇಬೇಕು. 8 ಅಥವಾ ಅದಕ್ಕೂ ಕಡಿಮೆ ಇದ್ದರೂ ಮೂರೇ ಅಂಕ. ಮಕ್ಕಳ ಲೆಕ್ಕ ಬೇರೆ, ನಮ್ಮ ಆಶಾ ಕಾರ್ಯಕರ್ತೆಯರಿಗೆ ಅದು ಚೆನ್ನಾಗಿ ಗೊತ್ತು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ವರ್ಷದೊಳಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಈ ಸೀಮೆಯ ಶ್ವಾಸಕೋಶದ ಕಥೆಯನ್ನು ಅಡುಗೆಮನೆಯಿಂದಲೇ ಶುರು ಮಾಡಬೇಕು. ತೆಂಗು ಇರುವ ಮನೆಗೆ ಸೌದೆಯ ಬರವಿಲ್ಲ. ಒಣಗಿದ ಗರಿ, ಎಡಮಟ್ಟೆ, ಕುರುಂಬಾಳೆ, ಕಾಯಿ ಮಟ್ಟೆ, ಚಿಪ್ಪು ಎಲ್ಲವೂ ಒಲೆಗೆ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಸಿಲಿಂಡರ್ ಹೆಚ್ಚು ಮನೆಗಳಿಗೆ ಬಂತು, ನಿಜ. ಆದರೆ ಗ್ಯಾಸಿನ ಮೇಲೆ ಕಾಫಿ, ನೆಂಟರು ಬಂದಾಗ ಒಗ್ಗರಣೆ. ಮುದ್ದೆಯ ಎಸರು, ಸ್ನಾನದ ಹಂಡೆ, ದನಕ್ಕೆ ಬೇಯಿಸುವುದು ಇವತ್ತಿಗೂ ಎಷ್ಟೋ ಮನೆಗಳಲ್ಲಿ ಸೌದೆಯ ಮೇಲೇ. ಮಳೆಗಾಲದಲ್ಲಿ ಹಸಿಮಟ್ಟೆ ಹೊಗೆಯಾಡಿದರೆ ಊದುಗೊಳವೆ ಹಿಡಿದು ಕೂತವಳ ಮುಖ ಒಲೆಯ ಬಾಯಿಗೆ ಒಂದು ಮೊಳ ದೂರದಲ್ಲಿರುತ್ತದೆ.

ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಸೀಮೆಯ ಹಳ್ಳಿಯ ಹೆಂಗಸರನ್ನು ಪರೀಕ್ಷಿಸಿ ಇದಕ್ಕೊಂದು ಲೆಕ್ಕ ಗಟ್ಟಿ ಮಾಡಿದ್ದಾರೆ. ದಿನಕ್ಕೆ ಸರಾಸರಿ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಬೇಕು. ಅದು 60 ದಾಟಿದವರಲ್ಲಿ ದೀರ್ಘಕಾಲದ ಕೆಮ್ಮು ಕಫದ ಕಾಯಿಲೆ ಗಮನಾರ್ಹವಾಗಿ ಹೆಚ್ಚು. ನಮ್ಮೂರಿಗೆ ಈ ಲೆಕ್ಕ ಹಾಕಿ ನೋಡಿ. ಇಪ್ಪತ್ತಕ್ಕೆ ಮದುವೆಯಾಗಿ ಬಂದ ಸೊಸೆ ದಿನಕ್ಕೆ ಮೂರು ಗಂಟೆ ಒಲೆ ಮುಂದೆ ಕೂತರೆ ನಲವತ್ತಕ್ಕೆ 60 ಆಯಿತು. ಅಷ್ಟು ಹೊತ್ತಿಗೆ ಅವಳ ಮಗಳಿಗಿನ್ನೂ ಮದುವೆಯೂ ಆಗಿರುವುದಿಲ್ಲ. ಬೀಡಿಯನ್ನು ಕೈಯಲ್ಲಿ ಹಿಡಿದವಳೂ ಅಲ್ಲ. ಆದರೂ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಮತ್ತೆ ಪೂರ್ತಿ ತೆರೆಯದ ಕಾಯಿಲೆ, ಅವಳಿಗೆ ಬರುತ್ತದೆ. ಐಸಿಎಂಆರ್ ಮತ್ತು ಇತರ ಸಂಸ್ಥೆಗಳ ಲೆಕ್ಕದಂತೆ 2016ರಲ್ಲಿ ಭಾರತದಲ್ಲಿ ಹೃದಯದ ರಕ್ತನಾಳದ ಕಾಯಿಲೆಯ ನಂತರ ಅತಿ ಹೆಚ್ಚು ಸಾವಿಗೆ ಕಾರಣ ಇದೇ. ಬೀಡಿ ಸೇದುವ ಗಂಡಸಿನ ಕೆಮ್ಮನ್ನು ಎಲ್ಲರೂ ಗುರುತಿಸುತ್ತಾರೆ. ಒಲೆ ಮುಂದಿನ ಹೆಂಗಸಿನ ಕೆಮ್ಮನ್ನು ‘ಥಂಡಿ’ ಎಂದು ತಳ್ಳಿಹಾಕುತ್ತಾರೆ. ಇದು ನನ್ನನ್ನು ಬಹಳ ನೋಯಿಸಿದ ವಿಷಯ.

ಹೊಗೆಯ ಜೊತೆಗೆ ದೂಳೂ ಇದೆ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿದ್ದ ಕೊಬ್ಬರಿಯನ್ನು ಇಳಿಸಿ ಸುಲಿಸುವ ದಿನ ಮನೆಯೊಳಗೆ ಏಳುವ ದೂಳು ಬೂಷ್ಟು, ನಾರಿನ ಫ್ಯಾಕ್ಟರಿಯ ಪುಡಿ, ಸಂಕ್ರಾಂತಿಯ ಆಸುಪಾಸಿನ ರಾಗಿ ಒಕ್ಕಣೆ. ಚಿಕ್ಕನಾಯಕನಹಳ್ಳಿ ಕಡೆ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತಡೆಯುವವರೆಗೆ ಅದಿರಿನ ಲಾರಿಗಳ ಕೆಂಪು ದೂಳು ಕೂಡ ಇತ್ತು. ಉಬ್ಬಸದವರನ್ನು ಕೆಣಕಲು ಇದರಲ್ಲಿ ಒಂದಿದ್ದರೂ ಸಾಕು.

ಉಬ್ಬಸವನ್ನು ಗುರುತಿಸುವಾಗ ನಾನು ಕಿವಿಗಿಂತ ಮೊದಲು ಕಣ್ಣಿಗೆ ಕೆಲಸ ಕೊಡುತ್ತೇನೆ. ಬಂದವರು ಹೇಗೆ ಕೂತರು? ಎರಡೂ ಕೈಯನ್ನು ಮೊಣಕಾಲಿಗೆ ಊರಿ ಮುಂದಕ್ಕೆ ಬಾಗಿ ಕೂತರೆ ಎದೆಗೆ ಸಹಾಯ ಬೇಕಾಗಿದೆ ಎಂದರ್ಥ. ಕತ್ತಿನ ಸ್ನಾಯುಗಳು ಹಗ್ಗದ ಹಾಗೆ ಎದ್ದು ಕಾಣುತ್ತಿವೆಯೇ? ತುಟಿ ಕೂಡಿಸಿ ಊದಿದಂತೆ ಉಸಿರು ಬಿಡುತ್ತಿದ್ದಾರೆಯೇ? ಆಮೇಲೆ ಮಾತಾಡಿಸುತ್ತೇನೆ. ‘ತೋಟದಿಂದ ಮನೆಗೆ ಬರೋವಾಗ ಎಷ್ಟು ಕಡೆ ನಿಂತ್ಕೊಂಡ್ರಿ ಯಜಮಾನ್ರೇ? ಹೋದ ಯುಗಾದಿಯಲ್ಲಿ ಎಷ್ಟು ಕಡೆ ನಿಲ್ತಿದ್ರಿ?’ ಈ ಪ್ರಶ್ನೆಗೆ ಸಿಗುವ ಉತ್ತರ ‘ದಮ್ಮು ಜಾಸ್ತಿಯಾಗಿದೆಯಾ’ ಎಂದು ಕೇಳಿದರೆ ಸಿಗುವುದಿಲ್ಲ. ಉತ್ತರ ಹೇಳುವಾಗ ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸುತ್ತಾರೋ, ಎರಡೆರಡು ಪದಕ್ಕೆ ನಿಲ್ಲುತ್ತಾರೋ ಎಂಬುದನ್ನೂ ಗಮನಿಸಬೇಕು. ಎರಡೆರಡು ಪದಕ್ಕೆ ನಿಲ್ಲುವವರನ್ನು ಕೂರಿಸಿಕೊಂಡು ಕಷಾಯ ಕಾಯಿಸುತ್ತಿರಬಾರದು. ಇನ್ನೊಂದು ಮಾತು. ಗಟ್ಟಿಯಾಗಿ ಕೇಳುತ್ತಿದ್ದ ಗೊರಗೊರ ಸದ್ದು ತಟ್ಟನೆ ನಿಂತು, ರೋಗಿ ಮಂಕಾದರೆ, ಮನೆಯವರು ‘ಕಮ್ಮಿಯಾಯ್ತು’ ಎಂದು ಸಮಾಧಾನಪಡುತ್ತಾರೆ. ನರ್ಸಿಗೆ ಅದು ಅತ್ಯಂತ ಭಯದ ಗಳಿಗೆ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಆಡುತ್ತಿಲ್ಲ.

ಮಲಗಿದರೆ ದಮ್ಮು, ಎದ್ದು ಕೂತರೆ ಆರಾಮ, ಸಂಜೆಗೆ ಕಾಲು ಊದುತ್ತದೆ ಎಂದರೆ ಹೃದಯವನ್ನೂ ನೋಡಿಸಬೇಕು. ಅದು ಬೇರೆ ಲೇಖನದ ವಿಷಯ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವುದಕ್ಕೆ ಬರುತ್ತೇನೆ. ಉಸಿರು ಜೋರಾಗಿದ್ದ ಮಾತ್ರಕ್ಕೆ ತೊಂದರೆ ಶ್ವಾಸಕೋಶದಲ್ಲೇ ಇರಬೇಕೆಂದಿಲ್ಲ.

ಒಂದು ಚಳಿಗಾಲದ ರಾತ್ರಿ ನಾನು ಕೆಲಸದಲ್ಲಿದ್ದ ಆಸ್ಪತ್ರೆಗೆ ಹೈಸ್ಕೂಲಿನ ಹುಡುಗನೊಬ್ಬನನ್ನು ಕರೆತಂದರು. ಎರಡು ದಿನದಿಂದ ವಾಂತಿ, ಹೊಟ್ಟೆನೋವು, ಈಗ ಏದುಸಿರು. ದಾರಿಯಲ್ಲಿ ತೋರಿಸಿದ ಕಡೆ ‘ಕಫ ಕಟ್ಟಿದೆ’ ಎಂದಿದ್ದರಂತೆ. ಮಣಿಕಟ್ಟು ಹಿಡಿದು ಎಣಿಸಿದೆ. ನಿಮಿಷಕ್ಕೆ 32. ಆದರೆ ಕಫದ ಉಸಿರಿನ ರೀತಿ ಇದಲ್ಲ. ಕಫವಾದರೆ ಮೇಲುಮೇಲಿನ ಗಿಡ್ಡ ಉಸಿರು, ಕೆಮ್ಮು, ಪಕ್ಕೆ ನೋವು. ಈ ಹುಡುಗ ಕೆಮ್ಮುತ್ತಿರಲಿಲ್ಲ. ಬೆಟ್ಟ ಹತ್ತಿ ಬಂದವರ ಹಾಗೆ ಹೊಟ್ಟೆಯ ಆಳದಿಂದ, ಒಂದೇ ಸಮನೆ, ಬಿಡುವಿಲ್ಲದೆ ಎಳೆದು ಬಿಡುತ್ತಿದ್ದ. ಬೆರಳಿನ ಕ್ಲಿಪ್ಪು ಆಮ್ಲಜನಕ 98 ಎಂದು ತೋರಿಸಿತು. ನಾಲಗೆ ಒಣಗಿ ಅಂಗುಳಿಗೆ ಅಂಟಿತ್ತು. ಬಾಯಿಂದ ಕೊಳೆಯುವ ಹಣ್ಣಿನ ವಾಸನೆ. ‘ನೀರು ಬಹಳ ಕುಡೀತಿದ್ನಾ ತಾಯಿ?’ ಎಂದು ಕೇಳಿದೆ. ‘ಹದಿನೈದು ದಿನದಿಂದ ಬಿಂದಿಗೆ ನೀರು ಸಾಲ್ದು. ರಾತ್ರಿ ಎಲ್ಲಾ ಒಂದಕ್ಕೆ ಏಳ್ತಾನೆ. ಬಟ್ಟೆ ಎಲ್ಲಾ ಸಡ್ಲ ಆಗೈತೆ’ ಎಂದಳು ಆ ತಾಯಿ. ಗ್ಲುಕೋಮೀಟರಿಗೆ ಒಂದು ಹನಿ ರಕ್ತ ಹಾಕಿದರೆ ಅಂಕಿಯೇ ಬರಲಿಲ್ಲ. ‘ಹೈ’ ಎಂದು ತೋರಿಸಿತು. ಸಕ್ಕರೆ ಯಂತ್ರದ ಅಳತೆ ಮೀರಿತ್ತು. ಡ್ಯೂಟಿ ಡಾಕ್ಟರಿಗೆ ನಾನು ಮೊದಲು ಹೇಳಿದ ಮಾತು ಇಷ್ಟೇ: ಉಸಿರು 32, ಆಳವಾಗಿದೆ, ಎದೆ ತಿಳಿಯಾಗಿದೆ, ಶುಗರ್ ಹೈ. ಅವರು ಆ ಕ್ಷಣವೇ ಸಲೈನ್ ಶುರು ಮಾಡಿಸಿ, ಇನ್ಸುಲಿನ್ ಲೆಕ್ಕಕ್ಕೆ ಕೂತರು. ಹುಡುಗ ಉಳಿದ.

ಆ ಉಸಿರಿಗೆ ಒಬ್ಬ ವೈದ್ಯರ ಹೆಸರೇ ಇದೆ. ಜರ್ಮನಿಯ ಅಡಾಲ್ಫ್ ಕುಸ್‌ಮೌಲ್ ಸಕ್ಕರೆ ಕಾಯಿಲೆಯಿಂದ ಪ್ರಜ್ಞೆ ತಪ್ಪುತ್ತಿದ್ದವರಲ್ಲಿ ಇಂಥ ಆಳವಾದ ಉಸಿರನ್ನು ಕಂಡು 1874ರಲ್ಲಿ ಬರೆದಿಟ್ಟರು. ಎದೆಯಲ್ಲಿ ಅಡ್ಡಿ ಏನೂ ಇಲ್ಲ, ಗಾಳಿ ಧಾರಾಳವಾಗಿ ಒಳಹೋಗುತ್ತಿದೆ, ಆದರೂ ಗಾಳಿಗಾಗಿ ಹಸಿದಂತೆ ಎಳೆಯುತ್ತಾರೆ. ಅದಕ್ಕೆ ಕಾರಣ ಹೀಗಿದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಕೊಡದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ದೇಹ ಕೊಬ್ಬನ್ನು ಕರಗಿಸತೊಡಗುತ್ತದೆ. ಅದರಿಂದ ಕೀಟೋನ್ ಎಂಬ ಆಮ್ಲ ಹುಟ್ಟಿ ರಕ್ತ ಹುಳಿಯೇರುತ್ತದೆ. ಉಸಿರಿನಲ್ಲಿ ಹೊರಹೋಗುವ ಇಂಗಾಲದ ಡೈಆಕ್ಸೈಡೂ ರಕ್ತದಲ್ಲಿರುವಾಗ ಆಮ್ಲವೇ. ಅದನ್ನಾದರೂ ಬೇಗ ಬೇಗ ಹೊರಹಾಕಿ ಹುಳಿ ತಗ್ಗಿಸೋಣವೆಂದು ಮಿದುಳು ಶ್ವಾಸಕೋಶವನ್ನು ದುಡಿಸುತ್ತದೆ. ಹಾಗಾಗಿ ಅಲ್ಲಿ ಶ್ವಾಸಕೋಶ ರೋಗಿಯಲ್ಲ, ರೋಗಿಯನ್ನು ಉಳಿಸಲು ಹೆಣಗುತ್ತಿರುವ ಅಂಗ. ಕುಸ್‌ಮೌಲ್ ಕಾಲದಲ್ಲಿ ಇದಕ್ಕೆ ಮದ್ದಿರಲಿಲ್ಲ. ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ನಡೆಸಿದ ಪ್ರಯೋಗಗಳ ಫಲವಾಗಿ 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚುಮದ್ದು ಸಿಕ್ಕಿತು. ನಮ್ಮ ಹುಡುಗನಿಗೂ ಹೆಚ್ಚು ಕಡಿಮೆ ಅದೇ ವಯಸ್ಸು.

ಇಂಥ ಮಕ್ಕಳ ಮನೆಯವರಿಗೆ ಒಂದು ಮಾತು. ಜ್ವರ ಬಂದು ಊಟ ಸೇರುತ್ತಿಲ್ಲ ಎಂದು ಇನ್ಸುಲಿನ್ ನಿಲ್ಲಿಸಬೇಡಿ. ಕಾಯಿಲೆ ಬಿದ್ದ ದಿನವೇ ದೇಹ ಹೆಚ್ಚು ಇನ್ಸುಲಿನ್ ಕೇಳುವುದು. ಎಷ್ಟು ಹಾಕಬೇಕೆಂದು ಡಾಕ್ಟರಿಗೆ ಫೋನು ಮಾಡಿ ಕೇಳಿ.

ಸಕ್ಕರೆ ಕಾಯಿಲೆ ಪೇಟೆಯವರದು ಎಂಬ ಕಾಲ ಹೋಯಿತು. ಐಸಿಎಂಆರ್ ದೇಶದುದ್ದಕ್ಕೂ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ನಮ್ಮ ಕಡೆ ಮಾತ್ರೆ ನುಂಗುವವರು ಈಗ ಪ್ರತಿ ಬೀದಿಯಲ್ಲೂ ಇದ್ದಾರೆ. ಅವರಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಏರಿದ ಸಕ್ಕರೆಯಲ್ಲ, ಇಳಿದ ಸಕ್ಕರೆ. ಬೆಳಿಗ್ಗೆ ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ನುಂಗಿ, ‘ಆಮೇಲೆ ಉಣ್ತೀನಿ’ ಎಂದು ಬರೀ ಕಾಫಿ ಕುಡಿದು ಕಾಯಿ ಸುಲಿಯಲು ಹೋಗುತ್ತಾರೆ. ಹನ್ನೊಂದು ಗಂಟೆಗೆ ಕೈ ನಡುಗುತ್ತದೆ, ಮೈ ತಣ್ಣಗಾಗಿ ಬೆವರು ಸುರಿಯುತ್ತದೆ, ಮಾತು ತೊದಲುತ್ತದೆ, ಇಲ್ಲದ ಸಿಟ್ಟು ಬರುತ್ತದೆ. ನೋಡಿದವರು ಒಬ್ಬರು ‘ಕುಡಿದಿದ್ದಾನೆ’ ಎನ್ನುತ್ತಾರೆ, ಇನ್ನೊಬ್ಬರು ‘ಗಾಳಿ ಸೋಕಿದೆ’ ಎನ್ನುತ್ತಾರೆ. ಶಿವರಾತ್ರಿ ಉಪವಾಸದಲ್ಲೂ ರಂಜಾನ್ ತಿಂಗಳಲ್ಲೂ ಇದೇ ಆಗುತ್ತದೆ. ಉಪವಾಸ ಹಿಡಿಯುವವರು ಮುಂಚೆಯೇ ಹೋಗಿ ಮಾತ್ರೆಯ ಪ್ರಮಾಣ ಬದಲಿಸಿಕೊಂಡು ಬರಬೇಕು.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಪಾಯ. ಗ್ಲುಕೋಮೀಟರ್ ಕೈಗೆ ಸಿಗದಿದ್ದರೆ ಕಾಯುವುದು ಬೇಡ. ಎಚ್ಚರವಿದ್ದವರಿಗೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷಕ್ಕೆ ಸರಿಹೋಗದಿದ್ದರೆ ಇನ್ನೊಮ್ಮೆ. ಆಮೇಲೆ ಊಟ ಮಾಡಿಸಿ. ವೋಗ್ಲಿಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆ ಬೇಗ ಹತ್ತುವುದಿಲ್ಲ, ಅಂಥವರ ಮನೆಯಲ್ಲಿ ಗ್ಲುಕೋಸ್ ಪುಡಿಯೇ ಇರಬೇಕು. ತೆಂಗಿನ ಸೀಮೆಯಲ್ಲಿ ಎಲ್ಲರೂ ಎಳನೀರು ಕೊಡಲೇ ಎಂದು ಕೇಳುತ್ತಾರೆ. ಅದರಲ್ಲಿ ಸಕ್ಕರೆ ಇದೆ, ಆದರೆ ಎಳನೀರಿನಿಂದ ಎಳನೀರಿಗೆ ಪ್ರಮಾಣ ಬೇರೆ. ತುರ್ತಿಗೆ ಸಕ್ಕರೆ ನೀರೇ ಮೇಲು. ಕಿಡ್ನಿ ಸೋತ ಸಕ್ಕರೆ ರೋಗಿಗಳಿಗಂತೂ ಎಳನೀರಿನಲ್ಲಿರುವ ಪೊಟ್ಯಾಸಿಯಂ ಕೇಡು ಮಾಡಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನು ಮಾಡಿ.

ಥೈರಾಯ್ಡ್ ಕಾಯಿಲೆ ಇಷ್ಟು ಅಬ್ಬರ ಮಾಡುವುದಿಲ್ಲ. ಮೆಲ್ಲಗೆ ಬರುತ್ತದೆ, ಹೆಂಗಸರಿಗೆ ಹೆಚ್ಚು ಬರುತ್ತದೆ, ಹೆಂಗಸರು ಹೇಳುವುದನ್ನು ಮನೆಯಲ್ಲಿ ಕೇಳುವವರು ಕಡಿಮೆ. ಗ್ರಂಥಿ ಮಂದವಾದವಳಿಗೆ ಸುಸ್ತು, ಮಲಬದ್ಧತೆ, ಎಲ್ಲರಿಗೂ ಸೆಕೆಯಾದಾಗಲೂ ತನಗೆ ಚಳಿ, ಕೂದಲು ಉದುರುವುದು, ಮುಟ್ಟಿನ ಸ್ರಾವ ಹೆಚ್ಚು, ಧ್ವನಿ ಗೊಗ್ಗರು, ಮುಖ ಊದಿಕೊಂಡಂತೆ. ನಾಡಿ ನಿಧಾನ. ‘ಸೋಮಾರಿಯಾಗಿದ್ದಾಳೆ’ ಎನ್ನಿಸಿಕೊಂಡ ಎಷ್ಟು ಸೊಸೆಯಂದಿರಿಗೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿದ್ದರೆ ಸಾಕಿತ್ತು! ಮಾತ್ರೆಯನ್ನು ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ನೀರಿನಲ್ಲೇ ನುಂಗಬೇಕು, ಅರ್ಧ ಮುಕ್ಕಾಲು ಗಂಟೆ ಕಾಫಿಯೂ ಬೇಡ. ಬಸುರಿಯರಿಗೆ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆಗೇ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ, ನಾಲ್ಕು ಗಂಟೆ ಅಂತರ ಬೇಕು. ‘ಮೂರೂ ಮಾತ್ರೆ ಒಟ್ಟಿಗೆ ನುಂಗ್ತೀನಿ ಅಕ್ಕ, ಮರೆಯಲ್ಲ’ ಎನ್ನುವ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳದಿದ್ದರೆ ಡೋಸ್ ಏರಿಸುತ್ತ ಹೋಗುವುದಷ್ಟೇ ಆಗುತ್ತದೆ. ಗ್ರಂಥಿ ಅತಿಯಾಗಿ ದುಡಿದರೆ ಎಲ್ಲ ತಿರುಗುಮುರುಗು. ಚೆನ್ನಾಗಿ ಉಂಡರೂ ಸೊರಗುವುದು, ಬೆವರು, ನಡುಕ, ಮಲಗಿದ್ದಾಗಲೂ ನಾಡಿಯ ಓಟ, ನಾಲ್ಕು ಮೆಟ್ಟಿಲಿಗೆ ಏದುಸಿರು.

ಈ ಗ್ರಂಥಿ ಉಸಿರಿನ ದಾರಿಗೇ ಅಡ್ಡ ಬರುವುದೂ ಉಂಟು. ಗಳಗಂಡವನ್ನು ಕುತ್ತಿಗೆಯ ಹೊರಗೆ ಎಲ್ಲರೂ ಕಾಣುತ್ತಾರೆ. ಅದು ಎದೆಮೂಳೆಯ ಹಿಂದಕ್ಕೆ ಇಳಿದು ಬೆಳೆದರೆ ಕಾಣುವುದಿಲ್ಲ. ನನ್ನ ಬಳಿ ಬಂದ ಒಬ್ಬ ಅಕ್ಕನಿಗೆ ಬೇರೆ ಕೆಲಸದಲ್ಲಿ ದಮ್ಮಿಲ್ಲ. ಅಟ್ಟಕ್ಕೆ ಕಾಯಿ ಎತ್ತಿಕೊಡುವಾಗ, ತಲೆ ಬಾಚಿ ತುರುಬು ಕಟ್ಟುವಾಗ ಮಾತ್ರ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಎರಡೂ ಕೈಯನ್ನು ಕಿವಿಗೆ ತಾಗುವಂತೆ ಮೇಲೆತ್ತಿ ಹಿಡಿಯಲು ಹೇಳಿದೆ. ನಿಮಿಷದೊಳಗೆ ಮುಖ ಕೆಂಪೇರಿ ಕುತ್ತಿಗೆಯ ನರ ಉಬ್ಬಿದವು. ಹ್ಯೂ ಪೆಂಬರ್ಟನ್ ಎಂಬ ವೈದ್ಯರು 1946ರಲ್ಲಿ ವಿವರಿಸಿದ ಲಕ್ಷಣ ಇದು. ಕೈ ಎತ್ತಿದಾಗ ಎದೆಯ ಬಾಗಿಲಲ್ಲಿ ಗಡ್ಡೆ ಸಿಕ್ಕಿಕೊಂಡು ರಕ್ತನಾಳವನ್ನೂ ಶ್ವಾಸನಾಳವನ್ನೂ ಒತ್ತುತ್ತದೆ. ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ಅದುವರೆಗೆ ಆಕೆ ಬಹುಕಾಲ ಉಬ್ಬಸದ ಮಾತ್ರೆ ನುಂಗುತ್ತಿದ್ದಳು.

ಗಳಗಂಡದ ಮಾತು ಬಂದಾಗ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಅವರನ್ನು ನೆನೆಯದೆ ಮುಂದೆ ಹೋಗಲಾರೆ. 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಅವರು ಮತ್ತು ಸಂಗಡಿಗರು ಉಪ್ಪಿಗೆ ಅಯೋಡಿನ್ ಬೆರೆಸಿ ಕೊಟ್ಟು, ಗಳಗಂಡ ತಗ್ಗುವುದನ್ನು ತೋರಿಸಿಕೊಟ್ಟರು. 1962ರಲ್ಲಿ ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಇವತ್ತು ಅಂಗಡಿಯಿಂದ ತರುವ ಅಯೋಡಿನ್ ಉಪ್ಪಿನ ಪೊಟ್ಟಣದ ಹಿಂದೆ ಆ ಶ್ರಮವಿದೆ.

ಉಬ್ಬಸದ ಮಾತ್ರೆ ಎಂದೆನಲ್ಲ, ಅದರಲ್ಲೇ ಶ್ವಾಸಕೋಶ ಮತ್ತು ಗ್ರಂಥಿ ಎರಡೂ ಸೇರುವ ಇನ್ನೊಂದು ಅಪಾಯವಿದೆ. ಹೆಸರಿಲ್ಲದ ಪುಡಿ, ಕಾಗದದಲ್ಲಿ ಕಟ್ಟಿಕೊಟ್ಟ ಬಿಳಿ ಮಾತ್ರೆ. ನುಂಗಿದ ದಿನವೇ ದಮ್ಮು ಮಾಯ, ಮಂಡಿನೋವೂ ಮಾಯ, ಹಸಿವು ಚೆನ್ನ. ಇಷ್ಟು ಬೇಗ ಇಷ್ಟೆಲ್ಲ ಗುಣ ಕಂಡರೆ ಅದರಲ್ಲಿ ಸ್ಟಿರಾಯ್ಡ್ ಇದೆಯೇ ಎಂದು ಸಂಶಯಪಡಬೇಕು. ಸ್ಟಿರಾಯ್ಡ್ ದೊಡ್ಡ ಔಷಧ. ಅದನ್ನು ಕಂಡುಹಿಡಿದು ಬಳಕೆಗೆ ತಂದವರಿಗೆ 1950ರಲ್ಲಿ ನೊಬೆಲ್ ಬಂತು. ಉಬ್ಬಸ ಉಲ್ಬಣಿಸಿದಾಗ ಜೀವ ಉಳಿಸುತ್ತದೆ. ತಿಂಗಳುಗಟ್ಟಲೆ ಲೆಕ್ಕವಿಲ್ಲದೆ ನುಂಗಿದರೆ ಮುಖ ದುಂಡಗಾಗಿ, ಹೊಟ್ಟೆ ಬೆಳೆದು ಕೈಕಾಲು ಸಣ್ಣಗಾಗಿ, ಚರ್ಮ ತೆಳುವಾಗಿ ಮುಟ್ಟಿದಲ್ಲಿ ಕಂದುತ್ತದೆ. ಸಕ್ಕರೆ ಕಾಯಿಲೆ ಶುರುವಾಗುತ್ತದೆ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಆಗ ಯಾರೋ ಹೆದರಿಸಿದರೆಂದು ಮಾತ್ರೆಯನ್ನು ತಟ್ಟನೆ ಬಿಟ್ಟರೆ ವಾಂತಿ, ವಿಪರೀತ ನಿತ್ರಾಣ, ಬಿಪಿ ಕುಸಿತ, ಸಕ್ಕರೆ ಕುಸಿತ. ಹಾಗಾಗಿ ಇಂಥವರಿಗೆ ನಾನು ‘ಇವತ್ತೇ ಬಿಡಿ’ ಎಂದು ಹೇಳುವುದಿಲ್ಲ. ಆ ಪೊಟ್ಟಣ ಹಿಡಿದುಕೊಂಡು ಡಾಕ್ಟರ ಬಳಿ ಹೋಗಿ, ಹಂತ ಹಂತವಾಗಿ ಬಿಡಿಸುತ್ತಾರೆ ಎನ್ನುತ್ತೇನೆ.

ಇನ್ಹೇಲರ್ ಕಂಡರೆ ಜನ ಹಿಂಜರಿಯುತ್ತಾರೆ. ‘ಅದು ಕೊನೇ ಔಷಧ, ಹಿಡಿದರೆ ಬಿಡಲ್ಲ’ ಎಂಬ ಮಾತು ಊರಲ್ಲಿ ಗಟ್ಟಿಯಾಗಿದೆ. ನಿಜವೆಂದರೆ ಇನ್ಹೇಲರಿನಲ್ಲಿ ಔಷಧ ಸಣ್ಣ ಪ್ರಮಾಣದಲ್ಲಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಮಾತ್ರೆಯಂತೆ ಮೈಗೆಲ್ಲ ಹರಡುವುದು ತೀರ ಕಡಿಮೆ. ಸ್ಪೇಸರ್ ಎಂಬ ಕೊಳವೆ ಹಾಕಿ ಸೇದಿ, ಆಮೇಲೆ ಬಾಯಿ ಮುಕ್ಕಳಿಸಿದರೆ ಸಾಕು. ಪ್ರತಿ ಜೂನಿನಲ್ಲಿ ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಕೊಡುವ ಮೀನಿನ ಔಷಧಕ್ಕೆ ಕರ್ನಾಟಕದಿಂದಲೂ ಜನ ಹೋಗುತ್ತಾರೆ. ಉಸಿರಾಡಲಾಗದವರ ಸಂಕಟ ಎಷ್ಟು ದೂರ ನಡೆಸುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಅದರಿಂದ ಉಬ್ಬಸ ಹೋಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಹೋಗಿ ಬಂದವರು ಇನ್ಹೇಲರ್ ನಿಲ್ಲಿಸಿದರೆ ಮಳೆಗಾಲದ ಮೊದಲ ಥಂಡಿಗೇ ಆಸ್ಪತ್ರೆ ಸೇರುತ್ತಾರೆ.

ಕ್ಷಯವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ಬರುವ ಸಂಭವ ಇತರರಿಗಿಂತ ಎರಡು ಮೂರು ಪಟ್ಟು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು, ಕ್ಷಯ ಕಂಡವರಿಗೆ ಸಕ್ಕರೆ ಪರೀಕ್ಷೆಯೂ ಆಗಲೇಬೇಕು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರ ಈಗ ತಾಲ್ಲೂಕು ಮಟ್ಟಕ್ಕೂ ಬಂದಿರುವುದರಿಂದ ಫಲಿತಾಂಶ ಬೇಗ ಸಿಗುತ್ತದೆ. ಕ್ಷಯದ ರಿಫಾಂಪಿಸಿನ್ ಮಾತ್ರೆ ಸಕ್ಕರೆಯ ಕೆಲವು ಮಾತ್ರೆಗಳ ಬಲ ತಗ್ಗಿಸುತ್ತದೆ. ‘ಪಥ್ಯ ಸರಿಯಾಗಿ ಮಾಡ್ತಿಲ್ಲ’ ಎಂದು ರೋಗಿಯನ್ನು ಗದರುವ ಮುಂಚೆ ನರ್ಸು ಇದನ್ನು ನೆನಪಿಡಬೇಕು.

ಬೆರಳಿನ ಕ್ಲಿಪ್ಪಿನ ಬಗ್ಗೆ ಎರಡು ಮಾತು. ಜಪಾನಿನ ತಾಕುವೊ ಅಯೋಯಾಗಿ 1974ರಲ್ಲಿ ಇದರ ತತ್ವ ಕಂಡುಕೊಟ್ಟರು. 2020ರ ಕೋವಿಡ್ ಕಾಲದಲ್ಲಿ ಇದು ನಮ್ಮೂರ ಮನೆಗಳಿಗೂ ಬಂತು. ಉಪಯೋಗದ ವಸ್ತು. ಆದರೆ ಕೈ ತಣ್ಣಗಿದ್ದರೆ, ಉಗುರಿಗೆ ಗಾಢ ಬಣ್ಣವಿದ್ದರೆ ತಪ್ಪು ತೋರಿಸುತ್ತದೆ. ಮುಚ್ಚಿದ ಕೋಣೆಯ ಹೊಗೆಯಲ್ಲಿ ಸಿಕ್ಕಿಕೊಂಡವರಿಗೆ ಕಾರ್ಬನ್ ಮೊನಾಕ್ಸೈಡ್ ವಿಷವೇರಿದ್ದರೂ 98 ಎನ್ನಬಹುದು. ಆ ಹೈಸ್ಕೂಲು ಹುಡುಗನಿಗೂ 98 ಎಂದೇ ಹೇಳಿತ್ತು. ಕ್ಲಿಪ್ಪು ರಕ್ತದಲ್ಲಿರುವ ಆಮ್ಲಜನಕವನ್ನು ತೋರಿಸುತ್ತದೆಯೇ ಹೊರತು ಆ ಮಟ್ಟ ಉಳಿಸಿಕೊಳ್ಳಲು ದೇಹ ಎಷ್ಟು ಒದ್ದಾಡುತ್ತಿದೆ ಎಂಬುದನ್ನಲ್ಲ. ಒದ್ದಾಟ ತಿಳಿಯುವುದು ಎಣಿಸಿದವರಿಗೆ.

ನಮ್ಮ ಉಪಕೇಂದ್ರಗಳಲ್ಲಿ ಈಗ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಬಂದಿರುವ ನರ್ಸಿಂಗ್ ಓದಿದ ಹುಡುಗಿಯರು, ಹುಡುಗರು ಮೂವತ್ತು ದಾಟಿದವರಿಗೆಲ್ಲ ಬಿಪಿ, ಶುಗರ್ ನೋಡುತ್ತಾರೆ. ಅದರ ಜೊತೆಗೆ ಈ ಒಂದು ನಿಮಿಷವನ್ನೂ ಸೇರಿಸಿಕೊಳ್ಳಿ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ. ಮನೆಯವರೂ ಮಾಡಬಹುದು. ದಮ್ಮಿನ ಕಾಯಿಲೆ ಇರುವ ಅಜ್ಜಿ ನಿದ್ದೆ ಮಾಡುತ್ತಿರುವಾಗ ಎಣಿಸಿ, ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯಲ್ಲಿ ಬರೆದಿಡಿ. ವಾರಕ್ಕೊಮ್ಮೆ ಬರೆದರೂ ಅವರ ಸಹಜ ಉಸಿರು ಎಷ್ಟೆಂದು ನಿಮಗೆ ಗೊತ್ತಿರುತ್ತದೆ. 18 ಇದ್ದದ್ದು ಒಂದು ದಿನ 26 ಆದರೆ ಜ್ವರ ಕಾಣುವ ಮೊದಲೇ ನೀವು ಹುಳಿಯಾರಿನ ದಾರಿ ಹಿಡಿಯಬಹುದು. ಹೆಚ್ಚಿನ ತಪಾಸಣೆ ಬೇಕೆಂದರೆ ಬೆಂಗಳೂರಿನಲ್ಲಿ ಎದೆಯ ಕಾಯಿಲೆಗೆ ರಾಜೀವ್ ಗಾಂಧಿ ಸಂಸ್ಥೆ, ಗ್ರಂಥಿಗಳಿಗೆ ಕರ್ನಾಟಕ ಅಂತಃಸ್ರಾವಶಾಸ್ತ್ರ ಸಂಸ್ಥೆ ಇವೆ, ಎರಡೂ ಸರ್ಕಾರದವು.

108ಕ್ಕೆ ಫೋನು ಮಾಡಿದಾಗ ‘ಸೀರಿಯಸ್ಸು, ಬೇಗ ಬನ್ನಿ’ ಎಂದಷ್ಟೇ ಕೂಗಬೇಡಿ. ವಯಸ್ಸು, ನಿಮಿಷಕ್ಕೆ ಎಷ್ಟು ಉಸಿರು, ಪೂರ್ತಿ ವಾಕ್ಯ ಆಡುತ್ತಾರೋ ಇಲ್ಲವೋ, ಎಚ್ಚರವಿದೆಯೋ, ಸಕ್ಕರೆ ಕಾಯಿಲೆ ಉಂಟೋ, ಕೊನೆಯ ಮಾತ್ರೆ ಅಥವಾ ಇನ್ಸುಲಿನ್ ಯಾವಾಗ ಆಯಿತು, ಇಷ್ಟು ಹೇಳಿ. ರೋಗಿ ಹಳೆಯ ಸಿಒಪಿಡಿಯವರಾದರೆ ಅದನ್ನು ಆಂಬುಲೆನ್ಸಿನವರಿಗೆ ಮೊದಲೇ ತಿಳಿಸಿ. ಅಂಥವರಿಗೆ ಆಮ್ಲಜನಕವನ್ನು ಕ್ಲಿಪ್ಪಿನಲ್ಲಿ 88ರಿಂದ 92 ಬರುವಷ್ಟು ಅಳತೆಯಲ್ಲೇ ಕೊಡಬೇಕು. ವಿಪರೀತ ಕೊಟ್ಟರೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರಿ ಮಂಪರು ಹತ್ತುತ್ತದೆ. ಗಾಡಿ ಬರುವವರೆಗೆ ಎಚ್ಚರವಿರುವ ರೋಗಿಯನ್ನು ಮಲಗಿಸದೆ ದಿಂಬು ಕೊಟ್ಟು ಕೂರಿಸಿ, ಸುತ್ತ ನೆರೆದವರನ್ನು ಆಚೆ ಕಳಿಸಿ, ನುಂಗುತ್ತಿದ್ದ ಎಲ್ಲ ಮಾತ್ರೆ, ಇನ್ಹೇಲರ್, ಹಳೇ ಚೀಟಿ, ಕಾಗದದ ಪೊಟ್ಟಣವಿದ್ದರೆ ಅದನ್ನೂ ಒಂದು ಚೀಲಕ್ಕೆ ಹಾಕಿ ಜೊತೆಯಲ್ಲಿ ಹೋಗುವವರ ಕೈಗೆ ಕೊಡಿ.